ಖಾಲಿ ಜಾಗವನ್ನು ಕಾಯುವ ಪ್ರಾರ್ಥನೆ

ಕಷ್ಟಕ್ಕೆ ಸಿಲುಕಿದವರಿಗೆ ಸುತ್ತಲಿನವರು ಹೇಳುವ ಸಮಾಧಾನದ ಮಾತುಗಳು ಹೆಚ್ಚಾಗಿ ಎರಡು ಬಗೆಯವು: ದೇವರ ಮೇಲೆ ಭಾರ ಹಾಕಿ ಸುಮ್ಮನಿರಬೇಕು ಎಂಬುದು ಒಂದು, ನಂಬಿಕಸ್ಥರ ಬಳಿ ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದು ಭಕ್ತರ ದಾರಿ, ಎರಡನೆಯದು ಲೋಕವ್ಯವಹಾರ ಬಲ್ಲವರ ದಾರಿ ಎಂದು ಬೇರ್ಪಡಿಸಿ ನೋಡುವುದು ಎಷ್ಟು ರೂಢಿಯಾಗಿದೆಯೆಂದರೆ, ಪ್ರಾರ್ಥಿಸುವವನಿಗೆ ಮನುಷ್ಯರ ಆಸರೆ ಬೇಕಾಗಬಾರದು, ಬೇಕಾದರೆ ಅದು ಅವನ ವಿಶ್ವಾಸದ ಕೊರತೆ ಎಂದು ಧಾರ್ಮಿಕರೇ ಭಾವಿಸುವುದುಂಟು. ಮನುಷ್ಯರ ಆಸರೆ ಸಿಗದವನು ಮಾತ್ರ ಪ್ರಾರ್ಥನೆಗೆ ಕೈಮುಗಿಯುತ್ತಾನೆ ಎಂದು ವಿಚಾರವಂತರು ಭಾವಿಸುವುದೂ ಉಂಟು. ಕ್ರೈಸ್ತ ಪರಂಪರೆಯ ಮೂಲಗ್ರಂಥಗಳನ್ನೂ ಆ ಪರಂಪರೆಯೊಳಗೆ ಕಡುಕಷ್ಟವನ್ನು ಉಂಡವರ ಬದುಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಎರಡು ಭಾವನೆಗಳೂ ನಿಲ್ಲುವುದಿಲ್ಲ. ಅಲ್ಲಿ ಪ್ರಾರ್ಥನೆಯು ಮನುಷ್ಯರ ಜಾಗವನ್ನು ತುಂಬಲು ಬರುವುದಿಲ್ಲ. ಆ ಜಾಗ ಖಾಲಿಯಿದೆ ಎಂಬ ಅರಿವನ್ನು ಆರಗೊಡದೆ ಕಾಯುತ್ತದೆ ಮತ್ತು ಕೈಚಾಚಲು ನಾಚುವವನಿಗೆ ಕೈಚಾಚುವುದನ್ನು ಕಲಿಸುತ್ತದೆ.

ಈ ಮಾತಿಗೆ ಮೊದಲ ಆಧಾರ ಕರ್ತನ ಪ್ರಾರ್ಥನೆಯಲ್ಲೇ, ಅಂದರೆ ಯೇಸು ತಮ್ಮ ಶಿಷ್ಯರಿಗೆ ಕಲಿಸಿಕೊಟ್ಟ, ಕ್ರೈಸ್ತರೆಲ್ಲರೂ ಬಾಯಿಪಾಠವಾಗಿ ಬಲ್ಲ ಪ್ರಾರ್ಥನೆಯಲ್ಲೇ ಇದೆ. ಅದರಲ್ಲಿ ‘ನಾನು’, ‘ನನಗೆ’ ಎಂಬ ಪದಗಳು ಎಲ್ಲಿಯೂ ಬರುವುದಿಲ್ಲ. ತಂದೆ ‘ನಮ್ಮ’ ತಂದೆ, ಅನ್ನ ಬೇಕಾಗಿರುವುದು ‘ನಮಗೆ’, ಕ್ಷಮೆ ಬೇಕಾಗಿರುವುದೂ ‘ನಮಗೆ’. ಕನ್ನಡದ ಕಿವಿಗೆ ಈ ಬಹುವಚನ ಸುಲಭವಾಗಿ ತಪ್ಪಿಹೋಗುತ್ತದೆ, ಏಕೆಂದರೆ ಒಬ್ಬನೇ ಮಗನಾದವನೂ ‘ನಮ್ಮಪ್ಪ’, ‘ನಮ್ಮಮ್ಮ’, ‘ನಮ್ಮ ಮನೆ’ ಎಂದೇ ಹೇಳುವ ನುಡಿ ಇದು. ಇಲ್ಲಿ ‘ನಮ್ಮ’ ಎಂಬುದು ಆತ್ಮೀಯತೆಯ ಮಾತಾಗಿದೆಯೇ ಹೊರತು ಎಣಿಕೆಯ ಮಾತಾಗಿ ಉಳಿದಿಲ್ಲ. ಗ್ರೀಕ್ ಮೂಲದಲ್ಲಿ ಅದು ಎಣಿಕೆಯ ಬಹುವಚನವೇ. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಆ ಪ್ರಾರ್ಥನೆ ಬರುವ ಸಂದರ್ಭ: ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಯಾರಿಗೂ ಕಾಣದಂತೆ ಪ್ರಾರ್ಥಿಸಬೇಕೆಂಬ ಉಪದೇಶ 6ನೇ ವಚನದಲ್ಲಿದ್ದರೆ, ಈ ಪ್ರಾರ್ಥನೆ 9ನೇ ವಚನದಲ್ಲಿ ಆರಂಭವಾಗುತ್ತದೆ. ಏಕಾಂತದ ಉಪದೇಶವನ್ನು ಮುಂದಿಟ್ಟು, ಪ್ರಾರ್ಥನೆಯೆಂಬುದು ಒಬ್ಬನ ಮತ್ತು ದೇವರ ನಡುವಿನ ಗುಟ್ಟು ಎಂದು ವಾದಿಸುವವರು ಈ ಮೂರು ವಚನಗಳ ಅಂತರವನ್ನು ದಾಟಿ ಓದಬೇಕು. ಬಾಗಿಲು ಮುಚ್ಚಿಕೊಂಡ ಒಬ್ಬಂಟಿಯೂ ಅಲ್ಲಿ ‘ನಮಗೆ’ ಎಂದೇ ಬೇಡಬೇಕಾಗಿದೆ.

ಎರಡನೆಯ ಆಧಾರ ಗೆತ್ಸೇಮನೆ ತೋಟದ ರಾತ್ರಿ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥನೆಗೆಂದು ಅಲ್ಲಿಗೆ ಹೋದಾಗ ಪೇತ್ರ, ಯಾಕೋಬ, ಯೋಹಾನ ಎಂಬ ಮೂವರನ್ನು ಜೊತೆಗೆ ಕರೆದೊಯ್ದು, ತಮ್ಮ ಜೀವ ಸಾಯುವಷ್ಟು ನೊಂದಿದೆ ಎಂದು ಅವರ ಬಳಿ ಬಾಯಿಬಿಟ್ಟು ಹೇಳಿಕೊಂಡು, ತಮ್ಮೊಂದಿಗೆ ಎಚ್ಚರವಾಗಿರುವಂತೆ ಕೇಳಿಕೊಂಡರು ಎಂದು ಮತ್ತಾಯ ಮತ್ತು ಮಾರ್ಕ ಇಬ್ಬರೂ ಬರೆಯುತ್ತಾರೆ. ಮೂರು ಸಲ ಅವರು ಸ್ವಲ್ಪ ದೂರ ಹೋಗಿ ಪ್ರಾರ್ಥಿಸುತ್ತಾರೆ, ಮೂರು ಸಲವೂ ಎದ್ದು ಗೆಳೆಯರ ಬಳಿಗೆ ಮರಳುತ್ತಾರೆ, ಮೂರು ಸಲವೂ ಗೆಳೆಯರು ನಿದ್ರೆಯಲ್ಲಿರುತ್ತಾರೆ. ಈ ಓಡಾಟವನ್ನು ವ್ಯಾಖ್ಯಾನಕಾರರು ಶಿಷ್ಯರ ದೌರ್ಬಲ್ಯಕ್ಕೆ ನಿದರ್ಶನವಾಗಿ ಬಳಸುವುದು ಹೆಚ್ಚು, ಆದರೆ ಅದರಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕಾದದ್ದು ಪ್ರಾರ್ಥಿಸುವವನ ಅಗತ್ಯ: ದೇವರನ್ನು ತಂದೆಯೆಂದು ಕರೆಯಬಲ್ಲವರಿಗೂ ಆ ರಾತ್ರಿ, ಕಲ್ಲೆಸೆಯುವಷ್ಟು ದೂರದಲ್ಲಿ, ಎಚ್ಚರವಿರುವ ಮೂವರು ಮನುಷ್ಯರು ಬೇಕಾಗಿದ್ದರು. ಪ್ರಾರ್ಥನೆ ಆ ಅಗತ್ಯವನ್ನು ನೀಗಿಸಿದ್ದರೆ ಎರಡನೆಯ ಸಲ, ಮೂರನೆಯ ಸಲ ಮರಳಿ ಬರುವ ಕಾರಣವೇ ಇರಲಿಲ್ಲ.

ಮೂರನೆಯದು ಬೈಬಲಿನ ಪ್ರಾರ್ಥನಾ ಪುಸ್ತಕ. 150 ಪದ್ಯಗಳ ಈ ಸಂಕಲನಕ್ಕೆ ಕನ್ನಡದಲ್ಲಿ ‘ಕೀರ್ತನೆಗಳು’ ಎಂಬ ಹೆಸರು ನಿಂತಿರುವುದರಿಂದ ಅದು ಬರೀ ಸ್ತುತಿಗಳ ಪುಸ್ತಕವೆಂಬ ಭಾವನೆ ಬರುತ್ತದೆ. ಆದರೆ ಅದರ ಸುಮಾರು ಮೂರನೇ ಒಂದು ಭಾಗ ದುಃಖದ ಮೊರೆ. ಕನ್ನಡದ ‘ಮೊರೆ’ ಎಂಬ ಪದ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಮೊರೆಯಿಡುವುದು ಎಂದರೆ ಗೋಳು ಹೇಳಿಕೊಳ್ಳುವುದು, ಮೊರೆಹೋಗುವುದು ಎಂದರೆ ಆಸರೆ ಬಯಸಿ ಹೋಗುವುದು. ದೂರು ಮತ್ತು ಶರಣು ಎರಡನ್ನೂ ಒಂದೇ ಪದ ಹೊತ್ತಿದೆ. ಈ ಮೊರೆಗಳಲ್ಲೆಲ್ಲ ಅತಿ ಕತ್ತಲೆಯದು 88ನೆಯದು. ಉಳಿದ ಮೊರೆಗಳು ಕೊನೆಗೊಮ್ಮೆ ಭರವಸೆಯ ಕಡೆಗೆ ಹೊರಳುವುದು ವಾಡಿಕೆಯಾದರೆ, ಇದು ಹಾಗೆ ಹೊರಳುವುದೇ ಇಲ್ಲ, ಮತ್ತು ಇದರ ಕೊನೆಯ ದೂರೇ ಗೆಳೆಯರನ್ನೂ ಪರಿಚಿತರನ್ನೂ ದೇವರು ತನ್ನಿಂದ ದೂರಮಾಡಿದ್ದಾನೆ ಎಂಬುದು. ಸಂಬಂಧ ಕಡಿದುಹೋದ ನೋವನ್ನು ದೇವರು ತಾನೇ ಬಂದು ಭರ್ತಿಮಾಡಿದನೆಂದು ಆ ಕವಿ ಹೇಳುವುದಿಲ್ಲ. ಭರ್ತಿಯಾಗಿಲ್ಲವೆಂದು ದೇವರಿಗೇ ಹೇಳುತ್ತಾನೆ. ಇಂಥದ್ದೊಂದು ಪದ್ಯವನ್ನು ಯೆಹೂದ್ಯರೂ ಕ್ರೈಸ್ತರೂ ಕಿತ್ತುಹಾಕದೆ ಆರಾಧನೆಯಲ್ಲಿ ಉಳಿಸಿಕೊಂಡು ಬಂದಿದ್ದಾರೆ ಎಂಬುದು ಪ್ರಾರ್ಥನೆಯ ಬಗ್ಗೆ ಅವರ ತಿಳಿವಳಿಕೆ ಎಷ್ಟು ಪ್ರಾಮಾಣಿಕವಾದುದೆಂಬುದಕ್ಕೆ ಸಾಕ್ಷಿ.

ಈ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಒಂದು ಬದುಕಿನಲ್ಲಿ ಹೇಗೆ ಪರೀಕ್ಷೆಗೊಳಗಾಯಿತು ಎಂಬುದನ್ನು ಜರ್ಮನಿಯ ಲೂಥರನ್ ಸಭೆಯ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ (1906–1945) ಅವರಲ್ಲಿ ನೋಡಬಹುದು. ಹಿಟ್ಲರನ ಆಡಳಿತವು ಚರ್ಚನ್ನು ತನ್ನ ಕೈಗೊಂಬೆಯಾಗಿಸಲು ಹೊರಟಾಗ ಅದನ್ನು ಎದುರಿಸಿದ ‘ಅರಿಕೆಯ ಸಭೆ’ ಎಂದು ಕರೆಯಬಹುದಾದ ಬಣ, ಅಂದರೆ ವಿಶ್ವಾಸವನ್ನು ಬಹಿರಂಗವಾಗಿ ಅರಿಕೆಮಾಡಿ ಆಡಳಿತಕ್ಕೆ ತಲೆಬಾಗಲೊಲ್ಲದ ಸಭೆಗಳ ಒಕ್ಕೂಟ, ಸಭಾಪಾಲಕರ ತರಬೇತಿಗೆಂದು ನಡೆಸಿದ ಶಾಲೆಗಳಲ್ಲಿ ಒಂದನ್ನು ಅವರು 1935ರಿಂದ ಮುನ್ನಡೆಸಿದರು. ಅದು ಸ್ಟೆಟಿನ್ ನಗರದ ಬಳಿಯ ಫಿಂಕೆನ್‌ವಾಲ್ಡೆಯಲ್ಲಿತ್ತು. ಇದಕ್ಕೂ ಮೊದಲು ಅವರ ಮನಸ್ಸು ಭಾರತದ ಕಡೆಗಿತ್ತು: ಕೂಡುಬಾಳು ಮತ್ತು ಅಹಿಂಸೆಯ ಪ್ರತಿರೋಧವನ್ನು ಗಾಂಧೀಜಿಯವರ ಆಶ್ರಮದಲ್ಲಿದ್ದು ಕಲಿಯಬೇಕೆಂದು ಅವರು ಬಯಸಿದ್ದರು, ಗಾಂಧೀಜಿ 1934ರ ನವೆಂಬರ್ 1ರಂದು ಒಪ್ಪಿಗೆಯ ಪತ್ರವನ್ನೂ ಬರೆದಿದ್ದರು, ಶಾಲೆಯ ಹೊಣೆ ಹೆಗಲಿಗೆ ಬಂದುದರಿಂದ ಆ ಪ್ರಯಾಣ ನಡೆಯಲಿಲ್ಲ. ಫಿಂಕೆನ್‌ವಾಲ್ಡೆಯಲ್ಲಿ ಅವರು ಕಟ್ಟಿದ ದಿನಚರಿಯಲ್ಲಿ ಮುಂಜಾನೆಯ ಸಾಮೂಹಿಕ ಪ್ರಾರ್ಥನೆ, ಅರ್ಧ ತಾಸಿನ ಮೌನಧ್ಯಾನ, ಒಬ್ಬರಿಗಾಗಿ ಇನ್ನೊಬ್ಬರು ಬೇಡುವ ಮಧ್ಯಸ್ಥಿಕೆಯ ಪ್ರಾರ್ಥನೆ ಇದ್ದವು. ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಬಾರದು ಎಂಬ ನಿಯಮವೂ ಇತ್ತು.

1937ರಲ್ಲಿ ಗುಪ್ತ ಪೊಲೀಸರು ಶಾಲೆಯನ್ನು ಮುಚ್ಚಿಸಿದ ಮೇಲೆ, ಆ ಅನುಭವವನ್ನು ಆಧರಿಸಿ ಅವರು ಬರೆದ ‘ಕೂಡುಬಾಳು’ ಎಂಬ ಅರ್ಥದ ಹೆಸರಿನ ಪುಟ್ಟ ಪುಸ್ತಕ 1939ರಲ್ಲಿ ಪ್ರಕಟವಾಯಿತು. ಒಬ್ಬಂಟಿಯಾಗಿರಲಾರದವನು ಗುಂಪಿಗೆ ಸೇರುವ ಮುನ್ನ ಯೋಚಿಸಬೇಕು, ಗುಂಪಿನೊಳಗೆ ಇಲ್ಲದವನು ಒಬ್ಬಂಟಿಯಾಗಿರುವ ಮುನ್ನ ಯೋಚಿಸಬೇಕು ಎಂಬುದು ಅದರ ತಿರುಳು. ಇದಕ್ಕಿಂತಲೂ ಕಟುವಾದ ಇನ್ನೊಂದು ಮಾತು ಅಲ್ಲಿದೆ: ಸಹೋದರನ ಮಾತನ್ನು ಕೇಳಿಸಿಕೊಳ್ಳಲು ಪುರುಸೊತ್ತಿಲ್ಲದವನು ಮುಂದೆ ದೇವರ ಮಾತನ್ನೂ ಕೇಳಿಸಿಕೊಳ್ಳಲಾರದವನಾಗುತ್ತಾನೆ, ಕೊನೆಗೆ ದೇವರ ಮುಂದೆಯೂ ತಾನೇ ಮಾತಾಡುತ್ತಾ ಉಳಿಯುತ್ತಾನೆ ಎಂಬುದು ಅದರ ಸಾರ. ಒಬ್ಬರಿಗೊಬ್ಬರು ಮಾಡಬಹುದಾದ ಸೇವೆಗಳಲ್ಲಿ ಅವರು ಕೇಳಿಸಿಕೊಳ್ಳುವುದನ್ನು ಇಷ್ಟು ಮೇಲೆ ಇಟ್ಟಿರುವುದು ಕಷ್ಟಕಾಲದ ಚರ್ಚೆಗೆ ಬಹಳ ಮುಖ್ಯ. ಕನ್ನಡದಲ್ಲಿ ದುಃಖವನ್ನು ‘ತೋಡಿಕೊಳ್ಳುತ್ತಾರೆ’. ಬಾವಿಯಿಂದ ನೀರು ತೋಡಿದಂತೆ ಒಳಗಿನದನ್ನು ಹೊರತೆಗೆಯುವ ಆ ಕೆಲಸಕ್ಕೆ ತೋಡಿದ್ದನ್ನು ಹಿಡಿಯುವ ಪಾತ್ರೆಯೊಂದು ಎದುರಿಗಿರಬೇಕು.

1943ರ ಏಪ್ರಿಲ್ 5ರಂದು ಬಾನ್‌ಹಾಫರ್ ಬಂಧಿತರಾಗಿ ಬರ್ಲಿನ್ನಿನ ಟೇಗಲ್ ಸೇನಾ ಸೆರೆಮನೆ ಸೇರಿದರು. ಮೊದಲ ರಾತ್ರಿ ಕೊಟ್ಟ ಕಂಬಳಿಗಳ ನಾತಕ್ಕೆ ಅವನ್ನು ಹೊದೆಯಲಾಗಲಿಲ್ಲ; ಬೆಳಿಗ್ಗೆ ರೊಟ್ಟಿಯನ್ನು ಬಾಗಿಲಿನಿಂದ ನೆಲದ ಮೇಲೆ ಎಸೆದರು; ಮುಂದಿನ 12 ದಿನ ಊಟ ಇಡಲು ಮತ್ತು ಶೌಚದ ಬಕೆಟ್ಟನ್ನು ಹೊರಗಿಡಲು ಬಿಟ್ಟರೆ ಬಾಗಿಲು ತೆರೆಯಲಿಲ್ಲ, ಯಾರೊಬ್ಬರೂ ಒಂದು ಮಾತಾಡಲಿಲ್ಲ. ಪ್ರಾರ್ಥನೆಯ ಮೇಲೆ ಪುಸ್ತಕ ಬರೆದ ಮನುಷ್ಯ ಆಗ ಹೇಗಿದ್ದರು ಎಂಬುದನ್ನು ಅವರ ಭಕ್ತರು ಮರೆಮಾಚಬೇಕಾಗಿಲ್ಲ: ಆ ದಿನಗಳ ಅವರ ಚೀಟಿಗಳಲ್ಲಿ ಆತ್ಮಹತ್ಯೆಯ ಯೋಚನೆಯೂ ದಾಖಲಾಗಿದೆ. ಅವರು ಹಿಡಿದು ನಿಂತ ಆಧಾರಗಳು ಸಣ್ಣವು. ವರ್ಷಗಳಿಂದ ದಿನವೂ ಓದುತ್ತಿದ್ದ ಕೀರ್ತನೆಗಳು, ಹದಿನೇಳನೆಯ ಶತಮಾನದ ಪಾಲ್ ಗೆರ್‌ಹಾರ್ಟ್ ಬರೆದ ಸ್ತೋತ್ರಗೀತೆಗಳು, ಬೆಳಿಗ್ಗೆ ಮತ್ತು ರಾತ್ರಿ ಶಿಲುಬೆಯ ಗುರುತು ಹಾಕಿಕೊಳ್ಳಬೇಕೆಂಬ ಲೂಥರರ ಹಳೆಯ ಸೂಚನೆ. ಇವೆಲ್ಲವೂ ಬೇರೆಯವರಿಂದ ಪಡೆದವು ಎಂಬುದನ್ನು ಗಮನಿಸಬೇಕು. ಸ್ವಂತ ಮಾತು ಬತ್ತಿಹೋದವನಿಗೆ ಪರಂಪರೆಯು ತನ್ನ ಮಾತನ್ನು ಎರವಲು ಕೊಟ್ಟಿತು, ಮತ್ತು ಒಬ್ಬಂಟಿ ಕೋಣೆಯ ಪ್ರಾರ್ಥನೆಯೂ ಹಾಗೆ ಸತ್ತವರ, ದೂರದವರ ಜೊತೆಗಿನ ಪ್ರಾರ್ಥನೆಯಾಯಿತು.

ಇದಕ್ಕೆ ಸ್ಪಷ್ಟ ನಿದರ್ಶನ ‘ದಿನವಚನ’ಗಳ ರೂಢಿ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಹೋದರರು ವರ್ಷದ ಪ್ರತಿ ದಿನಕ್ಕೂ ಬೈಬಲ್ ವಚನಗಳನ್ನು ಆಯ್ದು 1731ರಿಂದ ಮುದ್ರಿಸುತ್ತಾ ಬಂದಿದ್ದಾರೆ. ಎಲ್ಲೇ ಇದ್ದರೂ ಎಲ್ಲರೂ ಆ ದಿನ ಅದೇ ವಚನವನ್ನು ಓದುತ್ತಾರೆ. ಬಾನ್‌ಹಾಫರ್ ಟೇಗಲ್‌ನಲ್ಲಿ ಅದನ್ನು ಓದುವಾಗ, ಅವರ ಆಪ್ತಮಿತ್ರ ಎಬರ್‌ಹಾರ್ಟ್ ಬೇತ್ಗೆ ಸೈನಿಕನಾಗಿ ಇಟಲಿಯಲ್ಲಿದ್ದು ಅದೇ ವಚನವನ್ನು ಓದುತ್ತಿದ್ದರು. 1944ರ ಪೆಂತೆಕೋಸ್ತ್ ಹಬ್ಬದ ದಿನಗಳ ವಚನಗಳಿಗೆ ಟಿಪ್ಪಣಿ ಬರೆದು ಸೆರೆಮನೆಯಿಂದಲೇ ಗೆಳೆಯನಿಗೆ ಕಳುಹಿಸಿದ್ದೂ ಉಂಟು. ಸಹಾನುಭೂತಿಯಿದ್ದ ಕಾವಲುಗಾರರ ಮೂಲಕ ಗುಟ್ಟಾಗಿ ಸಾಗುತ್ತಿದ್ದ ಈ ಪತ್ರಗಳು ಅವರ ಉಸಿರಾಗಿದ್ದವು ಎಂದರೆ ಅತಿಶಯವಲ್ಲ. ಇನ್ನೊಂದು ಕಡೆ, 1943ರ ಜನವರಿಯಲ್ಲಿ ಅವರೊಂದಿಗೆ ನಿಶ್ಚಿತಾರ್ಥವಾಗಿದ್ದ, ಆಗ 18 ವರ್ಷದ ಮರಿಯಾ ಫಾನ್ ವೇಡೆಮೈಯರ್, ತನ್ನ ಕೋಣೆಯಲ್ಲಿ ಮಂಚದ ಸುತ್ತ ಅವರ ಸೆರೆಕೋಣೆಯ ಅಳತೆಗೆ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡಿದ್ದಳು. ಆ ಗೆರೆ ಅವರ ಬಾಗಿಲನ್ನು ತೆರೆಯಲಾರದು. ಆದರೂ ಮಧ್ಯಸ್ಥಿಕೆಯ ಪ್ರಾರ್ಥನೆ ಎಂದರೇನು ಎಂದು ಕೇಳುವವರಿಗೆ ಆ ಗೆರೆಗಿಂತ ಸ್ಪಷ್ಟವಾದ ವಿವರಣೆ ಸಿಗುವುದು ಕಷ್ಟ: ಇನ್ನೊಬ್ಬರ ಇಕ್ಕಟ್ಟಿನ ಅಳತೆಯನ್ನು ತನ್ನ ನೆಲದ ಮೇಲೆ ಗುರುತು ಮಾಡಿಕೊಂಡು, ದಿನವೂ ಅದರೊಳಗೆ ನಿಲ್ಲುವುದು.

ಈ ಲೇಖನದ ಶೀರ್ಷಿಕೆಗೆ ಕಾರಣವಾದ ಮಾತು 1943ರ ಕ್ರಿಸ್ಮಸ್ ಹಿಂದಿನ ದಿನ ಅವರು ಬೇತ್ಗೆ ದಂಪತಿಗೆ ಬರೆದ ಪತ್ರದಲ್ಲಿದೆ. ಪ್ರೀತಿಪಾತ್ರರ ಅಗಲಿಕೆಯಿಂದಾದ ತೆರವನ್ನು ಯಾವುದೂ ತುಂಬಲಾರದು, ತುಂಬಲು ಯತ್ನಿಸಲೂ ಬಾರದು. ದೇವರು ಅದನ್ನು ತುಂಬುತ್ತಾನೆ ಎಂದು ಹೇಳುವುದು ತಪ್ಪು, ದೇವರು ಅದನ್ನು ಖಾಲಿಯಾಗಿಯೇ ಇಟ್ಟು ಆ ಮೂಲಕ ನೋವಿನಲ್ಲೇ ಆದರೂ ಹಳೆಯ ಬಾಂಧವ್ಯವನ್ನು ಕಾಪಾಡುತ್ತಾನೆ ಎಂಬುದು ಅವರ ಅಭಿಪ್ರಾಯ. ಸಾಂತ್ವನದ ರೂಢಿಮಾತುಗಳಿಗೆ ಇದು ನೇರ ವಿರುದ್ಧ. ಮಗನನ್ನು ಕಳೆದುಕೊಂಡ ತಾಯಿಗೆ ‘ದೇವರೇ ನಿನಗೆ ಮಗನಾಗಿದ್ದಾನೆ’ ಎಂದು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಮಾತು ಆಕೆಯ ಮಗ ಬೇರೊಬ್ಬರಿಂದ ತುಂಬಬಹುದಾದ ಜಾಗವಾಗಿದ್ದ ಎಂದು ಹೇಳಿದಂತಾಗುತ್ತದೆ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಮುಸ್ಸಂಜೆ ಎಲ್ಲರೂ ಕೂಡಿ ಜಪಮಾಲೆ ಹೇಳುವಾಗ, ಕೊಂಕಣಿಯಲ್ಲಿ ‘ತೇರ್ಸ್’ ಎನ್ನುವ ಆ ಪ್ರಾರ್ಥನೆಯಲ್ಲಿ, ತೀರಿಕೊಂಡವರನ್ನು ನೆನೆಯುವ ರೂಢಿಯಿದೆ. ಹೆಸರು ಹೇಳಿ ನೆನೆದಷ್ಟೂ ಅವರ ಜಾಗ ಖಾಲಿಯಾಗಿಯೇ, ಅವರದಾಗಿಯೇ ಉಳಿಯುತ್ತದೆ.

ಕಷ್ಟದಲ್ಲಿರುವವನ ಮೇಲೆ ಪ್ರಾರ್ಥನೆಯನ್ನು ಹೇರುವುದರ ಬಗ್ಗೆಯೂ ಬಾನ್‌ಹಾಫರ್ ಅವರಿಗಿದ್ದ ಸಂಕೋಚ ಇಲ್ಲಿ ಪ್ರಸ್ತುತ. 1944ರ ಜನವರಿ ಕೊನೆಯ ವಿಮಾನದಾಳಿಯೊಂದರಲ್ಲಿ ಸೆರೆಮನೆಯಲ್ಲಿದ್ದವರೆಲ್ಲ ನೆಲದ ಮೇಲೆ ಮಲಗಿದ್ದಾಗ, ಸಾಮಾನ್ಯವಾಗಿ ಲಘುವಾಗಿ ಇರುತ್ತಿದ್ದ ಒಬ್ಬ ‘ದೇವರೇ, ದೇವರೇ’ ಎಂದು ನರಳಿದ. ಅವನಿಗೆ ಧರ್ಮದ ಮಾತು ಹೇಳಿ ಧೈರ್ಯ ತುಂಬಲು ತಮಗೆ ಮನಸ್ಸು ಬರಲಿಲ್ಲವೆಂದೂ, ಗಡಿಯಾರ ನೋಡಿ ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇರಲಾರದು ಎಂದಷ್ಟೇ ಹೇಳಿದೆನೆಂದೂ ಅವರು ಬರೆಯುತ್ತಾರೆ. ಹೆದರಿದವನ ದೌರ್ಬಲ್ಯದ ಗಳಿಗೆಯನ್ನು ಧರ್ಮಕ್ಕಾಗಿ ಬಳಸಿಕೊಳ್ಳುವುದು ಅವರಿಗೆ ಅಸಹ್ಯವಾಗಿತ್ತು. ಅದೇ ಬಾನ್‌ಹಾಫರ್ ಕೆಲವೇ ವಾರಗಳ ಹಿಂದೆ, ಆ ಕ್ರಿಸ್ಮಸ್ಸಿಗೆ, ಸಹಕೈದಿಗಳಿಗೆಂದು ಪ್ರಾರ್ಥನೆಗಳನ್ನು ಬರೆದುಕೊಟ್ಟಿದ್ದರು. ಅವುಗಳಲ್ಲಿ ಮುಂಜಾನೆಯದು, ಪ್ರಾರ್ಥಿಸಲು ಒಬ್ಬನಿಂದಲೇ ಆಗದು ಎಂಬ ಅರಿಕೆಯಿಂದ ಶುರುವಾಗಿ, ಮನೆಯವರನ್ನೂ ಸಹಕೈದಿಗಳನ್ನೂ ಆ ಕಟ್ಟಡದಲ್ಲಿ ಕಠಿಣವಾದ ಕೆಲಸ ಮಾಡುವವರನ್ನೂ ನೆನೆಯುತ್ತದೆ. ಬೇಡಿದವರಿಗೆ ಪ್ರಾರ್ಥನೆ, ನಡುಗುವವನಿಗೆ ಗಡಿಯಾರದ ಮಾತು. ಯಾರಿಗೆ ಯಾವಾಗ ಏನು ಕೊಡಬೇಕೆಂಬ ಈ ವಿವೇಕ ಎದುರಿನವನನ್ನು ನೋಡುವುದರಿಂದ ಬರುತ್ತದೆ.

ಈ ವಿವೇಕ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಬೈಬಲಿನಲ್ಲೇ ಉದಾಹರಣೆಯಿದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಬಂದ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು; ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದು ದೇವರ ನ್ಯಾಯವನ್ನು ವಿವರಿಸತೊಡಗಿದ ಮೇಲೆ ಅವರು ಅವನ ಗಾಯಕ್ಕೆ ಉಪ್ಪು ಸವರಿದರು, ಗ್ರಂಥದ ಕೊನೆಗೆ ದೇವರೇ ಅವರ ಮಾತನ್ನು ತಳ್ಳಿಹಾಕುತ್ತಾನೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರವೂ, ಬಟ್ಟೆಯಿಲ್ಲದವನಿಗೆ, ಹಸಿದವನಿಗೆ ಏನನ್ನೂ ಕೊಡದೆ ಬರೀ ಹರಕೆಯ ಮಾತು ಹೇಳಿ ಕಳುಹಿಸುವವರ ವಿಶ್ವಾಸವನ್ನು ಸತ್ತದ್ದೆಂದು ಕರೆಯುತ್ತದೆ. ‘ನಿಮಗಾಗಿ ಪ್ರಾರ್ಥಿಸುತ್ತೇವೆ’ ಎಂಬ ಮಾತು ಇಂದು ಫೋನಿನಲ್ಲಿ, ವಾಟ್ಸಾಪಿನಲ್ಲಿ ಸಲೀಸಾಗಿ ಹರಿಯುತ್ತದೆ. ಹೇಳಿದವರು ನಿಜವಾಗಿ ಪ್ರಾರ್ಥಿಸಿದರೆ ಆ ಪ್ರಾರ್ಥನೆ ಅವರನ್ನು ಮೊದಲು ಕೇಳುವುದು ಆ ಮನೆಗೆ ಹೋಗಿದ್ದೀಯಾ, ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಿದ್ದಾರೆ, ಮಕ್ಕಳಿಗೆ ಊಟ ಯಾರು ಹಾಕುತ್ತಿದ್ದಾರೆ ಎಂದೇ.

ಇದಕ್ಕೆ ಎದುರಾಗಿ ಒಂದು ಗಂಭೀರ ಆಕ್ಷೇಪ ಉಂಟು: ಸಂಬಂಧಗಳೇ ಕಷ್ಟದ ಮೂಲವಾದಾಗ ಅವನ್ನೇ ಆಸರೆಯೆನ್ನುವುದು ಹೇಗೆ? ಹೊಡೆಯುವ ಗಂಡನಿರುವ ಮನೆಯಲ್ಲಿ ಹೆಂಡತಿಗೆ ‘ಹೊಂದಿಕೊಂಡು ಪ್ರಾರ್ಥಿಸು’ ಎಂದು ಹೇಳುವ ಹಿರಿಯರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಮತ್ತು ಅಲ್ಲಿ ಪ್ರಾರ್ಥನೆ ಹಿಂಸೆಗೆ ಹಾಕಿದ ಪರದೆಯಾಗುತ್ತದೆ. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. 55ನೆಯ ಕೀರ್ತನೆಯ ಕವಿಯೂ ತನ್ನನ್ನು ನೋಯಿಸಿದವನು ಶತ್ರುವಲ್ಲ, ಜೊತೆಯಾಗಿ ದೇವಾಲಯಕ್ಕೆ ನಡೆಯುತ್ತಿದ್ದ ಗೆಳೆಯನೇ ಎಂದು ಗೋಳಾಡುತ್ತಾನೆ, ಆ ಊರಿನಿಂದ ಹಕ್ಕಿಯಂತೆ ಹಾರಿಹೋಗಲು ಬಯಸುತ್ತಾನೆ; ಪಾರಾಗುವ ಆಸೆಯನ್ನು ಪ್ರಾರ್ಥನೆಯೊಳಗೇ ಇಟ್ಟ ಗ್ರಂಥವನ್ನು ಸಹಿಸಿಕೊಳ್ಳುವ ಉಪದೇಶಕ್ಕೆ ಬಳಸುವುದು ಅಪಚಾರ. ಹಾಗೆಯೇ ಖಿನ್ನತೆಯಂಥ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಯಾಕೋಬನ ಪತ್ರದಲ್ಲಿ ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂದಿದೆ. ಕರೆಸುವುದು, ಬರುವುದು, ಮುಟ್ಟುವುದು ಎಲ್ಲವೂ ಅಲ್ಲಿ ಪ್ರಾರ್ಥನೆಯ ಅಂಗಗಳೇ ಆಗಿವೆ. ಬಾನ್‌ಹಾಫರ್ ಅವರ ತಂದೆ ಬರ್ಲಿನ್ನಿನ ಹೆಸರಾಂತ ಮನೋವೈದ್ಯರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಆಸರೆ ಬೇಡುವುದರಲ್ಲಿ ಎಲ್ಲೆಯೊಂದಿರಬೇಕೆಂಬ ಮಾತಿಗೆ ಹೊಸ ಒಡಂಬಡಿಕೆಯಲ್ಲಿರುವ ಪೌಲನ ಗಲಾತ್ಯ ಪತ್ರದ 6ನೇ ಅಧ್ಯಾಯ ನೆರವಾಗುತ್ತದೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು 2ನೇ ವಚನದಲ್ಲಿ ಹೇಳುವ ಪೌಲ, 5ನೇ ವಚನದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾನೆ. ಗ್ರೀಕಿನಲ್ಲಿ ಇವೆರಡು ಬೇರೆ ಪದಗಳು: ಮೊದಲನೆಯದಾದ ‘ಬಾರೋಸ್’ ಮನುಷ್ಯನನ್ನು ಜಜ್ಜಿಹಾಕುವಂಥ ತೂಕ, ಎರಡನೆಯದಾದ ‘ಫೋರ್ತಿಯೋನ್’ ಪ್ರಯಾಣಿಕ ತನ್ನ ಬೆನ್ನಿಗೆ ಕಟ್ಟಿಕೊಳ್ಳುವ ಗಂಟು ಎಂದು ಹಲವು ವ್ಯಾಖ್ಯಾನಕಾರರು ಅರ್ಥೈಸುತ್ತಾರೆ. ಗಂಟನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಅನ್ಯಾಯ; ಬಂಡೆಯ ಕೆಳಗೆ ಸಿಕ್ಕವನು ತಾನೇ ಎತ್ತಿಕೊಳ್ಳುತ್ತೇನೆಂದು ಸುಮ್ಮನಿರುವುದು ಸ್ವಾಭಿಮಾನವೆಂದು ಕರೆಸಿಕೊಂಡರೂ ಅದು ನೆರೆಯವನನ್ನು ನಂಬದಿರುವ ಒಂದು ಬಗೆ. ಪ್ರಾರ್ಥನೆಯಲ್ಲಿ ದಿನವೂ ‘ಕೊಡು’ ಎಂದು ಬೇಡಿ ಅಭ್ಯಾಸವಾದ ನಾಲಿಗೆಗೆ ನೆರೆಮನೆಯವರ ಮುಂದೆಯೂ ‘ಸ್ವಲ್ಪ ಕೈಕೊಡಿ’ ಎನ್ನಲು ಬರಬೇಕು.

ಇಷ್ಟೆಲ್ಲ ಹೇಳಿದರೂ ಬಾನ್‌ಹಾಫರ್ ಅವರ ಪ್ರಾರ್ಥನೆ ಫಲಿಸಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಬಿಡುಗಡೆಗಾಗಿ ಎಷ್ಟೋ ಜನ ಬೇಡಿದರು, ಬಿಡುಗಡೆಯಾಗಲಿಲ್ಲ. ಯುದ್ಧ ಮುಗಿಯುವ ಹಿಂದಿನ ಒಂದು ತಿಂಗಳಲ್ಲಿ ಆ ಕುಟುಂಬ ಡೀಟ್ರಿಶ್‌ರನ್ನೂ ಅವರ ಅಣ್ಣ ಕ್ಲೌಸ್‌ರನ್ನೂ ಇಬ್ಬರು ಅಳಿಯಂದಿರನ್ನೂ ಕಳೆದುಕೊಂಡಿತು, ಡೀಟ್ರಿಶ್ ಸತ್ತ ಸುದ್ದಿ ವೃದ್ಧ ತಂದೆತಾಯಿಗೆ ಖಚಿತವಾದದ್ದು ಜುಲೈ ತಿಂಗಳಲ್ಲಿ, ಲಂಡನ್ನಿನಿಂದ ರೇಡಿಯೊದಲ್ಲಿ ಪ್ರಸಾರವಾದ ಶ್ರದ್ಧಾಂಜಲಿ ಆರಾಧನೆಯಿಂದ. ಇದನ್ನು ಯಾವ ಲೆಕ್ಕದಲ್ಲೂ ಸರಿದೂಗಿಸಲಾಗದು, ಸರಿದೂಗಿಸಲು ಹೊರಡುವ ದೇವಶಾಸ್ತ್ರ ಯೋಬನ ಗೆಳೆಯರ ತಪ್ಪನ್ನೇ ಮಾಡುತ್ತದೆ. ಹೇಳಬಹುದಾದದ್ದು ಇಷ್ಟು: ಎರಡು ವರ್ಷಗಳ ಸೆರೆಯಲ್ಲಿ ಆ ಮನುಷ್ಯ ತನ್ನೊಳಗೆ ಮುದುಡಿಹೋಗದೆ ಕೊನೆಯವರೆಗೂ ಬೇರೆಯವರ ಕಡೆಗೆ ತೆರೆದುಕೊಂಡೇ ಇದ್ದರು.

1945ರ ಏಪ್ರಿಲ್ 8, ಈಸ್ಟರ್ ಕಳೆದ ಮೊದಲ ಭಾನುವಾರ, ಬವೇರಿಯಾದ ಷೋನ್‌ಬರ್ಗ್ ಎಂಬ ಹಳ್ಳಿಯ ಶಾಲೆಯ ಕೋಣೆಯೊಂದರಲ್ಲಿ ಬರ್ಲಿನ್ನಿನಿಂದ ಸಾಗಿಸಲ್ಪಟ್ಟಿದ್ದ ಬಾನ್‌ಹಾಫರ್ ಅವರೊಂದಿಗೆ ಕೂಡಿಟ್ಟಿದ್ದ ಕೈದಿಗಳು ಆರಾಧನೆ ನಡೆಸಿಕೊಡಬೇಕೆಂದು ಅವರನ್ನು ಕೇಳಿದರು. ಅವರು ಮೊದಲು ಹಿಂದೆಗೆದರು, ಏಕೆಂದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಜೊತೆಗೆ ಕೊಕೊರಿನ್ ಎಂಬ ನಿರೀಶ್ವರವಾದಿಯಾದ ರಷ್ಯನ್ ಅಧಿಕಾರಿಯೊಬ್ಬನಿದ್ದ. ಅವನಿಗೆ ಮುಜುಗರವಾಗುವಂತೆ ಪ್ರಾರ್ಥಿಸಲು ಅವರು ಒಪ್ಪಲಿಲ್ಲ. ಕೊಕೊರಿನ್ ತಾನೇ ಆಗಲಿ ಎಂದ ಮೇಲೆ ಅವರು ಆ ದಿನದ ವಚನಗಳನ್ನು ಓದಿ, ವಿವರಿಸಿ, ಪ್ರಾರ್ಥಿಸಿದರು. ಪ್ರಾರ್ಥನೆ ಮುಗಿಯುತ್ತಿದ್ದಂತೆ ಅವರನ್ನು ಕರೆದೊಯ್ಯಲು ಇಬ್ಬರು ಬಂದರು. ಮರುದಿನ ಬೆಳಿಗ್ಗೆ ಫ್ಲೋಸನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಹೊರಡುವ ಮುನ್ನ ಸಿಕ್ಕ ಸ್ವಲ್ಪ ಸಮಯದಲ್ಲಿ ಅವರು, ಹುಟ್ಟುಹಬ್ಬಕ್ಕೆಂದು ಮನೆಯವರು ಕಳುಹಿಸಿದ್ದ, ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಪುಸ್ತಕವನ್ನು ತೆಗೆದು, ಮೊಂಡಾದ ಪೆನ್ಸಿಲ್ಲಿನಿಂದ ಅದರ ಮೊದಲಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದು, ಅದು ಹೇಗಾದರೂ ಮನೆಯವರ ಕೈಸೇರಲೆಂದು ಅಲ್ಲಿಯೇ ಬಿಟ್ಟುಹೋದರು.